ಮಾರಿಕಣಿವೆ ಸುತ್ತ ಪಳೆಯುಳಿಕೆ ಹುಡುಕಲು ಹೊರಟವರಿಗೆ

ಪ್ರಶ್ನೆ: ನಾನು ಹಿರಿಯೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ, ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಯಜಮಾನರ ಸ್ನೇಹಿತರೊಬ್ಬರಿಗೆ ಪಳೆಯುಳಿಕೆ ಹುಡುಕುವ ಹವ್ಯಾಸ. ತಮಿಳುನಾಡಿನ ಅರಿಯಲೂರು ಕಡೆಯಿಂದ ತಂದ ಚಿಪ್ಪು, ಸುರುಳಿ ಕಲ್ಲುಗಳು ಅವರ ಮನೆಯ ಶೋಕೇಸ್ ತುಂಬ ಇವೆ. ಜನವರಿಯಲ್ಲಿ ಒಂದು ಭಾನುವಾರ ನಮ್ಮಿಬ್ಬರನ್ನೂ ಆರನೇ ತರಗತಿಯ ಮಗನನ್ನೂ ಮಾರಿಕಣಿವೆ (ವಾಣಿವಿಲಾಸ ಸಾಗರ ಅಣೆಕಟ್ಟು) ಸುತ್ತಮುತ್ತ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಮಗ ಈಗಲೇ ಸುತ್ತಿಗೆ ಹುಡುಕಿಟ್ಟುಕೊಂಡಿದ್ದಾನೆ. ಮರಡಿಹಳ್ಳಿ ಹತ್ತಿರ ಡೈನೋಸಾರ್ ಮೊಟ್ಟೆಗಳಿವೆ ಅಂತ ಜನ ಹೇಳುತ್ತಾರೆ. ಮಗನ ಹತ್ತಿರ ಜರೀಗಿಡದ ಎಲೆ ಅಚ್ಚಾದ ಕಲ್ಲೊಂದಿದೆ. ನಮ್ಮ ಮಾವನವರ ಎರೆಹೊಲದಲ್ಲಿ ಮೂಳೆಯಂಥ ಬಿಳಿ ಕಲ್ಲು ಸಿಕ್ಕಿದೆ. ಇವೆಲ್ಲ ನಿಜವೇ? ಹೋದರೆ ನಮಗೆ ಏನಾದರೂ ಸಿಗುತ್ತದೆಯೇ? ಸಿಕ್ಕಿದ್ದನ್ನು ಮನೆಗೆ ತಂದರೆ ಕೇಸ್ ಆಗುತ್ತದೆಯೇ? ಸುತ್ತಿಗೆ, ಆಸಿಡ್ ಬೇಕು ಅಂತಾರೆ, ಜೊತೆಗೆ ಮಗು ಇದೆ, ಅದಕ್ಕೇ ಭಯ.

ಉತ್ತರ: ಖಂಡಿತ ಹೋಗಿ ಬನ್ನಿ ಮೇಡಂ. ಆದರೆ ಶೋಕೇಸಿನಲ್ಲಿ ನೋಡಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಬೇಡಿ. ನಿಮ್ಮ ಜಿಲ್ಲೆಯಲ್ಲಿ ಚಿಪ್ಪು, ಮೂಳೆ, ಮೊಟ್ಟೆ, ಎಲೆ ಇವುಗಳ ಪಳೆಯುಳಿಕೆ ಗಟ್ಟಿ ಬಂಡೆಯಲ್ಲಿ ಸಿಗುವುದಿಲ್ಲ. ಸಿಗುವುದು ಸ್ಟ್ರೊಮ್ಯಾಟೊಲೈಟ್ ಎಂಬ ಪದರಗಲ್ಲು. ಸೂಕ್ಷ್ಮಜೀವಿಗಳು ಸಮುದ್ರದ ತಳದಲ್ಲಿ ಪದರದ ಮೇಲೆ ಪದರ ಕಟ್ಟಿದ ರಚನೆ ಅದು. ವಯಸ್ಸಿನ ಲೆಕ್ಕದಲ್ಲಿ ನಿಮ್ಮ ಸ್ನೇಹಿತರ ಸಂಗ್ರಹದಲ್ಲಿರುವ ಯಾವ ಚಿಪ್ಪೂ ಅದರ ಹತ್ತಿರ ಸುಳಿಯದು. ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳುವ ವಸ್ತುವಲ್ಲ, ಬಂಡೆಯ ಮುಂದೆ ಕೂತು ಓದುವಂಥದ್ದು. ಇದನ್ನು ಮಗನಿಗೆ ಹೊರಡುವ ಮುಂಚೆಯೇ ಹೇಳಿಬಿಡಿ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅವನಿಗೂ ಬೇಸರ, ನಿಮಗೂ ಬೇಸರ.

ಕಾರಣ ಬಂಡೆಗಳ ವಯಸ್ಸು. ಚಿತ್ರದುರ್ಗ, ಹೊಸದುರ್ಗ, ಹಿರಿಯೂರಿನ ಮೂಲಕ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹಾಯುವ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎನ್ನುತ್ತಾರೆ; ಶಿಸ್ಟ್ ಅಂದರೆ ಒತ್ತಡಕ್ಕೆ ಸಿಕ್ಕಿ ಹಾಳೆಹಾಳೆಯಾದ ಕಲ್ಲು. ಅದರ ಜಲಜ ಶಿಲೆಗಳೂ ಲಾವಾ ಹಾಸುಗಳೂ ಸುಮಾರು 260 ಕೋಟಿ ವರ್ಷಕ್ಕೂ ಹಿಂದಿನವು. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಹಕ್ಕಿಗಳ ಸಂತತಿ ಬಿಟ್ಟು ಉಳಿದವು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ನೆಲದ ಮೇಲೆ ಗಿಡ ಬೆಳೆಯಲು ಶುರುವಾಗಿ ಐವತ್ತು ಕೋಟಿ ವರ್ಷವೂ ಆಗಿಲ್ಲ. ಅಂದರೆ ಮಾರಿಕಣಿವೆಯ ಬಂಡೆ ಗಟ್ಟಿಯಾಗುವಾಗ ಭೂಮಿಯ ಮೇಲೆ ಬೇರಿಲ್ಲ, ಎಲೆಯಿಲ್ಲ, ಬೆನ್ನುಮೂಳೆಯಿಲ್ಲ, ಗಾಳಿಯಲ್ಲಿ ಹೇಳಿಕೊಳ್ಳುವಷ್ಟು ಆಮ್ಲಜನಕವೂ ಇಲ್ಲ. ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ಬಿಟ್ಟುಹೋದ ಗುರುತೇ ನೀವು ಹುಡುಕಬೇಕಾದ್ದು. ದುರ್ಗದ ಕೋಟೆ ನಿಂತಿರುವ ಗುಡ್ಡಗಳಲ್ಲಂತೂ ಅದೂ ಇಲ್ಲ. ಅವು ಗ್ರಾನೈಟ್, ನೆಲದಾಳದಲ್ಲಿ ಕರಗಿದ ಶಿಲಾಪಾಕ ನಿಧಾನವಾಗಿ ಆರಿ ಆದದ್ದು. ಪಳೆಯುಳಿಕೆಗಾಗಿ ಅಲ್ಲಿ ಅಲೆಯುವುದು ವ್ಯರ್ಥ.

ಇನ್ನು ನಿಮ್ಮ ಸ್ನೇಹಿತರ ಅನುಭವದ ವಿಷಯ. ಅರಿಯಲೂರು, ಪೆರಂಬಲೂರು ಸುತ್ತಲಿನದು ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಶಿಯಸ್ ಕಾಲದ ಸಮುದ್ರದ ಕೆಸರು, ಮರಳು, ಸುಣ್ಣಗಲ್ಲು. ಹೆಚ್ಚಿನ ಪದರಗಳು ಇನ್ನೂ ಮೆದುವಾಗಿವೆ. ಮಳೆ ಬಂದಾಗ ಮಣ್ಣು ಕೊಚ್ಚಿಹೋಗಿ ಅಳಿದುಹೋದ ಸಮುದ್ರಜೀವಿಗಳಾದ ಅಮ್ಮೊನೈಟ್‌ಗಳ ಸುರುಳಿಗಳು, ಬೆಲೆಮ್ನೈಟ್‌ಗಳ ಕಡ್ಡಿಗಳು, ಚಿಪ್ಪುಗಳು ತಾವಾಗಿಯೇ ಮೇಲೆ ಬಂದು ಬೀಳುತ್ತವೆ. ಅಲ್ಲಿ ಪಳಗಿದ ಕಣ್ಣು ನೆಲ ನೋಡುತ್ತಾ ಆಕಾರ ಹುಡುಕುತ್ತದೆ. ಚಿತ್ರದುರ್ಗದ ಶಿಲೆ ಹಾಗಲ್ಲ. ಹೂತು, ಬಿಸಿಯಾಗಿ, ಒತ್ತಡಕ್ಕೆ ಸಿಕ್ಕಿ, ಮಡಿಚಿ, ಹಲವು ಕಡೆ ನೆಟ್ಟಗೆ ನಿಂತುಬಿಟ್ಟಿದೆ. ಒಳಗಿರುವುದು ತಾನಾಗಿ ಉದುರುವುದಿಲ್ಲ, ನೆಲದ ಮೇಲೆ ಬಿದ್ದ ಕಲ್ಲಿಗೆ ಮೂಲ ಹೇಳುವುದೂ ಕಷ್ಟ. ಹೀಗಾಗಿ ಅರಿಯಲೂರಿನಲ್ಲಿ ನುರಿತವರು ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಎರಡು ತಪ್ಪಾಗುತ್ತದೆ. ವಿಚಿತ್ರ ಆಕಾರದ ಕಲ್ಲನ್ನೆಲ್ಲ ಪಳೆಯುಳಿಕೆ ಅನ್ನುವುದು ಒಂದು. ನಿಜವಾದ ಸ್ಟ್ರೊಮ್ಯಾಟೊಲೈಟ್ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿ ಉಂಡು ಎದ್ದು ಹೋಗುವುದು ಇನ್ನೊಂದು. ಅವರನ್ನು ಒಂದು ಮಾತು ಕೇಳಿ ನೋಡಿ: "ನಾವು ಹೋಗುವ ಜಾಗದ ಕಲ್ಲು ಯಾವುದು, ಪದರ ಯಾವ ಕಡೆ ವಾಲಿದೆ?" ಇದಕ್ಕೆ ಉತ್ತರ ಇದ್ದರೆ ಅವರು ಜಾಗ ನೋಡಿ ಬಂದವರು. "ಹೋದರೆ ಏನಾದರೂ ಸಿಗುತ್ತೆ ಬನ್ನಿ" ಅಂದರೆ, ಮೊದಲು ಒಬ್ಬರೇ ಹೋಗಿ ನೋಡಿ ಬರಲಿ. ಮಗುವನ್ನು ಕಟ್ಟಿಕೊಂಡು ಜಾಗ ಹುಡುಕುತ್ತಾ ಅಲೆಯುವುದು ಬೇಡ.

ಈಗ ಮೂರು ಕಲ್ಲುಗಳ ವಿಷಯಕ್ಕೆ ಬರೋಣ.

ಮರಡಿಹಳ್ಳಿಯ "ಮೊಟ್ಟೆಗಳು" ಮೊಟ್ಟೆಗಳಲ್ಲ, ದಿಂಬು ಲಾವಾ. ಸಮುದ್ರದ ತಳದಲ್ಲಿ ಲಾವಾ ಹೊರಬಂದಾಗ ತಣ್ಣೀರು ತಾಗಿ ಹೊರಮೈ ಕೂಡಲೇ ಗಟ್ಟಿಯಾಗುತ್ತದೆ, ಒಳಗಿನ ದ್ರವ ಆ ಚರ್ಮ ಒಡೆದುಕೊಂಡು ಪಕ್ಕದಲ್ಲಿ ಇನ್ನೊಂದು ಉಂಡೆಯಾಗಿ ಉಬ್ಬುತ್ತದೆ. ಹೀಗೆ ಒಂದರ ಮೇಲೊಂದು ಕೂತ ಉಂಡೆಗಳು ಅವು. ಹತ್ತಿರ ಹೋಗಿ ಅಂಚು ನೋಡಿ. ಹಸಿರು-ಕಪ್ಪು ಕಲ್ಲಿನ ಸುತ್ತ ಬೆರಳಗಲದ, ಇನ್ನೂ ನುಣುಪಾದ, ಬೇರೆ ಬಣ್ಣದ ಒಂದು ಕಟ್ಟು ಇರುತ್ತದೆ. ಬೇಗ ಆರಿದ ಹೊರಮೈ ಅದು. ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಯಾವ ಮೊಟ್ಟೆಯೂ ಪಕ್ಕದ ಮೊಟ್ಟೆಯ ಸಂದಿಗೆ ತಕ್ಕಂತೆ ಆಕಾರ ಬದಲಿಸಿಕೊಳ್ಳುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಪಳೆಯುಳಿಕೆ ಅಲ್ಲದಿದ್ದರೂ ಮಗನಿಗೆ ಅದನ್ನು ತೋರಿಸಲೇಬೇಕು. ತಾನು ನಿಂತಿರುವ ಒಣನೆಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಮುಟ್ಟಿ ನೋಡಲಿ, ಆದರೆ ಒಂದು ಚಕ್ಕೆಯೂ ಎಬ್ಬಿಸಬಾರದು. ನಿಜವಾದ ಡೈನೋಸಾರ್ ಮೊಟ್ಟೆ ನೋಡುವ ಆಸೆಯಿದ್ದರೆ ಗುಜರಾತಿನ ಬಾಲಾಸಿನೋರ್ ಬಳಿಯ ರಯ್ಯೋಲಿಗೆ ಹೋಗಬೇಕು.

ಜರೀಗಿಡದ ಅಚ್ಚು ಬಹುಮಟ್ಟಿಗೆ ಮ್ಯಾಂಗನೀಸ್ ಡೆಂಡ್ರೈಟ್. ನಿಮ್ಮ ಕಡೆಯ ಶಿಲೆಗಳಲ್ಲಿ ಮ್ಯಾಂಗನೀಸ್ ಧಾರಾಳ. ಬಿರುಕಿನೊಳಗೆ ನೀರು ಇಳಿದಾಗ ಅದರಲ್ಲಿ ಕರಗಿದ ಮ್ಯಾಂಗನೀಸ್ ಬಿರುಕಿನ ಮೈಮೇಲೆ ಕವಲೊಡೆದು ಹರಡಿ ಕಪ್ಪಾಗಿ ಕೂರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಹಿಡಿದು ನೋಡಿ. ನಿಜವಾದ ಎಲೆಗೆ ನಡುನರ ಇರುತ್ತದೆ, ಅದರಿಂದ ಪಕ್ಕದ ನರಗಳು ಒಂದು ಕ್ರಮದಲ್ಲಿ ಹೊರಡುತ್ತವೆ. ಡೆಂಡ್ರೈಟಿನಲ್ಲಿ ನಡುನರವಿಲ್ಲ, ಕವಲುಗಳು ಬಿರುಕಿನ ಅಂಚಿನಿಂದ ಒಳಮುಖವಾಗಿ ಹೇಗೆ ಬೇಕೋ ಹಾಗೆ ಬೆಳೆದಿರುತ್ತವೆ. ಗುಂಡುಸೂಜಿಯಿಂದ ಒಂದು ಮೂಲೆ ಕೆರೆದರೆ ಕಪ್ಪು ಪುಡಿಯಾಗಿ ಎದ್ದು ಬರುತ್ತದೆ, ಕೆಳಗೆ ಬರಿಯ ಕಲ್ಲು. ಮಗನಿಗೆ ಸುಳ್ಳು ಹೇಳಬೇಡಿ, ಹಾಗಂತ ಕಲ್ಲು ಎಸೆಯಲೂ ಹೇಳಬೇಡಿ. ಖನಿಜ ಹೀಗೂ ಬೆಳೆಯುತ್ತದೆ ಅನ್ನುವುದು ಎಲೆಯ ಅಚ್ಚಿಗಿಂತ ಕಡಿಮೆ ಸೋಜಿಗವಲ್ಲ.

ಎರೆಹೊಲದ ಮೂಳೆ ಮಾತ್ರ ಸ್ವಲ್ಪ ನಿಧಾನಿಸಿ ನೋಡಬೇಕಾದ್ದು. ನೂರಕ್ಕೆ ತೊಂಬತ್ತು ಪಾಲು ಅದು ಎರೆಮಣ್ಣಿನಲ್ಲಿ ಗಂಟುಕಟ್ಟುವ ಸುಣ್ಣಕಲ್ಲು, ಬಂಡೆಯಾಗಿ ಸಿಗುವ ಸುಣ್ಣಗಲ್ಲಲ್ಲ. ಮಳೆನೀರು ಸುಣ್ಣವನ್ನು ಕರಗಿಸಿ ಕೆಳಕ್ಕೆ ಒಯ್ಯುತ್ತದೆ, ಬೇಸಿಗೆಯಲ್ಲಿ ನೀರು ಆವಿಯಾದಾಗ ಸುಣ್ಣ ಗಂಟಾಗಿ ಉಳಿಯುತ್ತದೆ. ಬೇರಿನ ಸುತ್ತ ಕಟ್ಟಿಕೊಂಡರೆ ಉದ್ದಕ್ಕೆ, ತುದಿ ದಪ್ಪವಾಗಿ, ನಡುವೆ ತೂತಾಗಿ, ಥೇಟ್ ಮೂಳೆಯ ಆಕಾರ ಬರುತ್ತದೆ. ಆದರೆ ಮೂಳೆ ಸಿಗಲು ಸಾಧ್ಯವೇ ಇಲ್ಲ ಅನ್ನಲಾರೆ. ಬಂಡೆ ಹಳೆಯದಾದರೂ ಹಳ್ಳದ ದಂಡೆಯ ಜಲ್ಲಿ, ಮಣ್ಣು ಹೊಸವು. ಹತ್ತೊಂಬತ್ತನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕ ಸೀಮೆಯ ಘಟಪ್ರಭಾ ಕಣಿವೆಯ ಮೆಕ್ಕಲಿನಲ್ಲಿ ಖಡ್ಗಮೃಗದ ಪಳೆಯುಳಿಕೆ ಕಂಡು ವರದಿ ಮಾಡಿದ್ದರು. ಆದ್ದರಿಂದ ಪರೀಕ್ಷೆ ಮಾಡಿ. ಮುರಿದ ಬಾಯಿ ನೋಡಿ. ಮೂಳೆಯಾದರೆ ಹೊರಗೆ ಒತ್ತಾದ ಕವಚ, ಒಳಗೆ ಸಣ್ಣ ಸಣ್ಣ ಕೋಣೆಗಳ ಜಾಲ ಇರುತ್ತದೆ. ಸುಣ್ಣಕಲ್ಲಾದರೆ ಒಳಗೆ ಗೊತ್ತುಗುರಿಯಿಲ್ಲದ ಬಿಳಿ ಹಿಟ್ಟು, ನಡುನಡುವೆ ಮರಳಿನ ಕಾಳು. ಇಡಿಯಾಗಿದ್ದರೆ ಮುರಿಯಬೇಡಿ, ಇರುವ ಬಿರುಕಿನಲ್ಲೇ ನೋಡಿ. ನಾಲಿಗೆಗೆ ತಾಗಿಸಿ, ಅಂಟಿದರೆ ಮೂಳೆ ಅನ್ನುವ ಉಪಾಯ ಹೇಳುವವರಿದ್ದಾರೆ. ಸುಣ್ಣಕಲ್ಲೂ ನಾಲಿಗೆಗೆ ಅಂಟುತ್ತದೆ, ಮೇಲಾಗಿ ಹೊಲಕ್ಕೆ ಹೊಡೆದ ಔಷಧಿ ಬಾಯಿಗೆ ಹೋಗುತ್ತದೆ. ಅದನ್ನು ಮಾಡಲೇಬೇಡಿ.

ದೇವರ ಕೋಣೆಯಲ್ಲಿ ಸಾಲಿಗ್ರಾಮ ಇದ್ದರೆ ಮಗನಿಗೆ ಅದನ್ನೂ ತೋರಿಸಿ. ಸುರುಳಿ ಗುರುತಿರುವ ಸಾಲಿಗ್ರಾಮ ನಿಜವಾದ ಅಮ್ಮೊನೈಟ್ ಪಳೆಯುಳಿಕೆ, ನೇಪಾಳದ ಕಾಳಿ ಗಂಡಕಿ ಕಣಿವೆಯದು, ಜುರಾಸಿಕ್ ಕಾಲದ್ದು. ಇಲ್ಲಿಯ ನೆಲದ್ದಲ್ಲ ಅಷ್ಟೇ.

ಈಗ ಸ್ಟ್ರೊಮ್ಯಾಟೊಲೈಟ್ ಗುರುತಿಸುವ ಬಗೆ. ಮಾರಿಕಣಿವೆ, ಚನ್ನಗಿರಿ ತಾಲ್ಲೂಕಿನ ಜೋಳದಾಳ, ಶಿವಮೊಗ್ಗ ಜಿಲ್ಲೆಯ ಕುಂಸಿ, ಈ ಕಡೆಗಳ ಸುಣ್ಣಗಲ್ಲು ಮತ್ತು ಅದರ ಹತ್ತಿರದ ಜಾತಿಯ ಡೋಲೊಮೈಟ್ ಪಟ್ಟಿಗಳಿಂದ 1980ರ ದಶಕದಲ್ಲಿ ವಿಜ್ಞಾನಿಗಳು ಇವನ್ನು ವರದಿ ಮಾಡಿದರು. ಆಳವಿಲ್ಲದ, ಬಿಸಿಲು ಬೀಳುವ ನೀರಿನ ತಳದಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಹಾಸು ಕಟ್ಟುತ್ತವೆ. ನೀರಿನಲ್ಲಿ ತೇಲಿಬಂದ ನುಣ್ಣನೆಯ ಸುಣ್ಣದ ಕೆಸರು ಲೋಳೆಗೆ ಅಂಟಿಕೊಳ್ಳುತ್ತದೆ. ಬೆಳಕು ಮರೆಯಾದಾಗ ಜೀವಿಗಳು ಕೆಸರಿನ ಮೇಲಕ್ಕೆ ಸರಿದು ಹೊಸ ಹಾಸು ಕಟ್ಟುತ್ತವೆ. ಸಾವಿರಾರು ಸಲ ಹೀಗಾದಾಗ ಗುಮ್ಮಟವೋ ಕಂಬವೋ ಬೆಳೆಯುತ್ತದೆ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವತ್ತಿಗೂ ಇಂಥವು ಜೀವಂತವಾಗಿವೆ. ನೆಟ್ಟಗೆ ಸೀಳಿದ ಎಲೆಕೋಸು ನೋಡಿದ್ದೀರಲ್ಲ, ಬಂಡೆಯ ಅಡ್ಡಸೀಳಿನಲ್ಲಿ ಪದರಗಳು ಕಾಣುವುದು ಹೆಚ್ಚುಕಡಿಮೆ ಹಾಗೆಯೇ.

ಮೊದಲು ಕಲ್ಲು ಸರಿಯಾದದ್ದೇ ನೋಡಿ. ಬೂದು ಅಥವಾ ಮಾಸಲು ಕಂದು ಬಣ್ಣ, ಮಳೆನೀರು ಕೊರೆದ ಗೀರುಗಳಿಂದ ಒರಟಾದ ಮೈ. ಚಾಕುವಿನ ಮೊನೆಯಿಂದ ಗೀರಿದರೆ ಗೀಟು ಬೀಳಬೇಕು. ಕಲ್ಲೇ ಚಾಕುವಿನ ಉಕ್ಕನ್ನು ತಿಂದರೆ ಅದು ಚರ್ಟ್ ಎಂಬ ಗಟ್ಟಿ ಸಿಲಿಕಾ ಕಲ್ಲು ಅಥವಾ ಬೆಣಚು. ಸುಣ್ಣಗಲ್ಲಿನ ನಡುವೆಯೂ ಚರ್ಟಿನ ತೆಳು ಪದರಗಳಿರುತ್ತವೆ, ಮಳೆಗೆ ಸುಣ್ಣ ಕರಗಿ ಅವು ಅಂಚುಕಟ್ಟಿ ಎದ್ದು ನಿಂತಿರುತ್ತವೆ. ಪದರದ ಬಾಗು ಕಣ್ಣಿಗೆ ಬೀಳುವುದು ಇಂಥ ಕಡೆಯೇ. ಬಂಡೆಯ ಮೇಲೆ ನೀರು ಚಿಮುಕಿಸಿ. ಒಣಗಿದ್ದಾಗ ಬರಿ ಬೂದು ಬಣ್ಣವಾಗಿ ಕಂಡ ಮೈಯಲ್ಲಿ ಒಂದೆರಡು ಮಿಲಿಮೀಟರಿನ ಗೆರೆಗಳು ಒಂದೊಂದಾಗಿ ಮೇಲೇಳುತ್ತವೆ. ಆ ಕ್ಷಣ ಮಗನ ಕೈಯಲ್ಲೇ ನೀರಿನ ಬಾಟಲಿ ಇರಲಿ.

ಬಾಗಿದ ಗೆರೆ ಕಂಡ ಕೂಡಲೇ ಕುಣಿಯುವ ಹಾಗಿಲ್ಲ. ಈ ಪಟ್ಟಿಯಲ್ಲಿ ಎಲ್ಲವೂ ಮಡಿಚಿಕೊಂಡಿರುವುದರಿಂದ ಬರಿಯ ಮಡಿಕೆಯೂ ಗುಮ್ಮಟದ ಹಾಗೆಯೇ ಕಾಣುತ್ತದೆ. ಎಲ್ಲರೂ ಮುಗ್ಗರಿಸುವುದು ಇಲ್ಲಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗುಮ್ಮಟದ ಬುಡ ಹುಡುಕಿ. ಸ್ಟ್ರೊಮ್ಯಾಟೊಲೈಟ್ ಆಗಿದ್ದರೆ ಕೆಳಗೊಂದು ಸಪಾಟು ಪದರವಿದ್ದು, ಅದರ ಮೇಲಿಂದ ಬಾಗು ಶುರುವಾಗಿ ಮೇಲೆ ಹೋದಂತೆ ಹೆಚ್ಚುತ್ತದೆ. ಮಡಿಕೆಯಾದರೆ ಮೇಲಿನ ಪದರ, ಕೆಳಗಿನ ಪದರ ಎಲ್ಲವೂ ಒಟ್ಟಿಗೆ ಬಾಗಿರುತ್ತವೆ. ಆಮೇಲೆ ಎರಡು ಗುಮ್ಮಟಗಳ ನಡುವಿನ ಸಂದಿ ನೋಡಿ. ಅಲ್ಲಿ ಬೇರೆ ಬಗೆಯ ಕೆಸರು, ಚೂರುಪಾರು ತುಂಬಿದ್ದರೆ ಒಳ್ಳೆಯ ಲಕ್ಷಣ, ಕಂಬಗಳು ಬೆಳೆಯುತ್ತಿದ್ದಾಗ ನಡುವೆ ಬಂದು ಬಿದ್ದದ್ದು ಅದು. ಮಡಿಕೆಯಲ್ಲಿ ಅಂಥ ತುಂಬುವಿಕೆ ಇರುವುದಿಲ್ಲ, ಒಂದೇ ಪದರ ಕಡಿಯದೆ ಒಂದು ಗುಮ್ಮಟದಿಂದ ಇನ್ನೊಂದಕ್ಕೆ ಹಾಯುತ್ತದೆ. ಕೊನೆಗೆ ಸುತ್ತಲಿನ ಬೇರೆ ಕಲ್ಲುಗಳನ್ನೂ ನೋಡಿ. ಪಕ್ಕದ ಶಿಸ್ಟಿನಲ್ಲೂ ಅದೇ ದಿಕ್ಕಿನ, ಅದೇ ಅಳತೆಯ ಬಾಗು ಇದ್ದರೆ ಅದು ಭೂಮಿಯ ಒತ್ತಡದ ಕೆಲಸ. ನಡುವಿನಲ್ಲಿ ಪದರ ದಪ್ಪ, ಪಕ್ಕಕ್ಕೆ ತೆಳು ಎಂಬ ಒಂದೇ ಲಕ್ಷಣ ನಂಬಬೇಡಿ. ಅದು ಎರಡರಲ್ಲೂ ಇರಬಹುದು.

ಗುಮ್ಮಟಗಳು ಪಕ್ಕಕ್ಕೆ ಮಲಗಿದಂತೆ ಕಂಡರೆ ಗಾಬರಿಯಾಗಬೇಡಿ. ಪದರಗಳೇ ನೆಟ್ಟಗೆ ನಿಂತಿರುವಾಗ ಗುಮ್ಮಟ ಅಡ್ಡಲಾಗಿ ಕಾಣುವುದು ಸಹಜ. ಅದರ ಉಬ್ಬು ಯಾವ ಕಡೆಗಿದೆಯೋ ಅದು ಒಂದು ಕಾಲದ ಮೇಲ್ಭಾಗ. ನಕ್ಷೆ ಮಾಡುವ ಭೂವಿಜ್ಞಾನಿಗಳು ಯಾವ ಪದರ ಮೊದಲಿನದು, ಯಾವುದು ನಂತರದ್ದು ಎಂದು ತೀರ್ಮಾನಿಸಲು ಇದನ್ನೂ ಬಳಸುತ್ತಾರೆ. ಕೆಂಪು-ಕಪ್ಪು ಪಟ್ಟೆಗಳ ಕಬ್ಬಿಣದ ಕಲ್ಲು ಕಂಡರೆ ಅದನ್ನು ಸ್ಟ್ರೊಮ್ಯಾಟೊಲೈಟ್ ಅನ್ನಬೇಡಿ. ಅದರ ಪಟ್ಟೆಗಳು ಎಷ್ಟೇ ಚೆನ್ನಾಗಿ ಬಳುಕಿದ್ದರೂ ಅದು ಬೇರೆ ಜಾತಿ. ಹತ್ತಿರ ದಿಕ್ಸೂಚಿ ಹಿಡಿದರೆ, ಫೋನಿನದಾದರೂ ಸರಿ, ಮುಳ್ಳು ತಪ್ಪು ದಿಕ್ಕು ತೋರಿಸುತ್ತದೆ. ಆ ಕಲ್ಲಿನ ಬಳಿ ಉತ್ತರ ದಿಕ್ಕಿಗೆ ಸೂರ್ಯನನ್ನೇ ನಂಬಿ. ಇಷ್ಟೆಲ್ಲ ಸರಿಹೊಂದಿದರೂ ಹೊಲದಲ್ಲಿ ನಿಂತು "ಇದು ಖಚಿತ" ಅನ್ನುವ ಅಧಿಕಾರ ಯಾರಿಗೂ ಇಲ್ಲ. ಇಷ್ಟು ಹಳೆಯ ರಚನೆ ಜೀವಿಗಳದೇ ಎಂದು ಹೇಳಲು ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ತೇದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಸಮಯದ ಆಯ್ಕೆ ಸರಿಯಾಗಿದೆ. ಜನವರಿಯಲ್ಲಿ ಹುಲ್ಲು ಒಣಗಿ ಬಂಡೆ ಬಯಲಾಗಿರುತ್ತದೆ. ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಆಮೇಲೆ ಮೂರೂವರೆಯಿಂದ ಐದೂವರೆ, ಇಷ್ಟೇ ಕೆಲಸದ ಹೊತ್ತು. ಬಿಸಿಲು ಓರೆಯಾಗಿ ಬಿದ್ದಾಗ ಎದ್ದು ನಿಂತ ಚರ್ಟ್ ಅಂಚುಗಳ ನೆರಳು ಬಿದ್ದು ಪದರ ತಾನಾಗಿ ಕಾಣುತ್ತದೆ. ನಡುಮಧ್ಯಾಹ್ನ ಅದೇ ಬಂಡೆ ಬರಿ ಬಿಳುಪು. ಮಧ್ಯದ ಹೊತ್ತಿನಲ್ಲಿ 1907ರಲ್ಲಿ ಮುಗಿದ ಅಣೆಕಟ್ಟನ್ನೂ ಮರಡಿಹಳ್ಳಿಯನ್ನೂ ನೋಡಿ ಬನ್ನಿ. ಹೊರಡುವ ಹಿಂದಿನ ದಿನ ಜಲಾಶಯದ ಮಟ್ಟ ವಿಚಾರಿಸಿ. 1933ರ ನಂತರ ಮೊದಲ ಬಾರಿ 2022ರಲ್ಲಿ ಕೋಡಿ ಬಿದ್ದ ಮೇಲೆ ಹಿನ್ನೀರಿನ ಅಂಚು ಎಷ್ಟು ಮೇಲೇರಬಲ್ಲದು ಅನ್ನುವುದು ನಿಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಹಳೆಯ ವರದಿ ಓದಿಕೊಂಡು ಬಂದವರು ಹುಡುಕುವ ಬಂಡೆ ನೀರಿನಡಿ ಇರಬಹುದು. ನೀರು ಇಳಿದ ಅಂಚಿನ ಕೆಸರು ಮೇಲೆ ಒಣಗಿ, ಒಳಗೆ ಹಸಿಯಾಗಿರುತ್ತದೆ, ಮಗುವನ್ನು ಅದರ ಮೇಲೆ ಬಿಡಬೇಡಿ.

ಚೀಲದಲ್ಲಿ ಇರಬೇಕಾದ್ದು: ಹತ್ತು ಪಟ್ಟಿನ ಮಸೂರ, ನೀರು ಚಿಮುಕಿಸುವ ಬಾಟಲಿ, ಹದಿನೈದು ಸೆಂಟಿಮೀಟರಿನ ಅಡಿಪಟ್ಟಿ, ನೋಟ್‌ಬುಕ್, ಪೆನ್ಸಿಲ್, ಚಾಕು, ಟಾರ್ಚ್. ಕುಡಿಯುವ ನೀರು ದೊಡ್ಡವರಿಗೆ ತಲಾ ಮೂರು ಲೀಟರ್, ಮಗನಿಗೆ ಎರಡು, ಜೊತೆಗೆ ಒಂದೆರಡು ಓಆರ್‌ಎಸ್ ಪೊಟ್ಟಣ. ಕಂಡ ಪ್ರತಿ ರಚನೆಗೂ ಮೂರು ಫೋಟೊ: ಗುಡ್ಡದೊಂದಿಗೆ ದೂರದ್ದು, ಬಂಡೆ ಪೂರ್ತಿ ಬರುವಂಥದ್ದು, ಅಡಿಪಟ್ಟಿ ಪಕ್ಕಕ್ಕಿಟ್ಟು ಹತ್ತಿರದ್ದು. ಫೋನಿನ ನಕ್ಷೆಯಲ್ಲಿ ನಿಂತ ಜಾಗವನ್ನು ಒತ್ತಿ ಹಿಡಿದಾಗ ಕಾಣುವ ಅಕ್ಷಾಂಶ-ರೇಖಾಂಶವನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಬಂಡೆಯ ಚಿತ್ರವನ್ನು ಕೈಯಿಂದ ಒಂದು ಸಲವಾದರೂ ಬರೆಯಲಿ ಮಗ. ಫೋಟೊ ತೆಗೆಯುವಾಗ ತಪ್ಪಿಹೋದ ಗೆರೆ ಬರೆಯುವಾಗ ಕಣ್ಣಿಗೆ ಬೀಳುತ್ತದೆ.

ಸುತ್ತಿಗೆಯನ್ನು ಮನೆಯಲ್ಲೇ ಬಿಡಿ. ಬಡಗಿ, ಗಾರೆ ಕೆಲಸದ ಸುತ್ತಿಗೆಯಿಂದ ಚರ್ಟ್ ಹೊಡೆದರೆ ಗಾಜಿನಷ್ಟು ಹರಿತವಾದ ಚೂರು ಹಾರುತ್ತದೆ, ಕೆಲವೊಮ್ಮೆ ಸುತ್ತಿಗೆಯ ಮುಖದಿಂದಲೇ ಉಕ್ಕಿನ ಚಕ್ಕೆ ಏಳುತ್ತದೆ. ಕಣ್ಣು ಹೋಗುವುದು ಹೀಗೇ. ಅದಕ್ಕಿಂತ ದೊಡ್ಡ ಕಾರಣ, ಹೊಡೆದರೆ ಪ್ರಯೋಜನವೇ ಇಲ್ಲ. ಗಟ್ಟಿ ಡೋಲೊಮೈಟ್ ಪದರದ ಗುಂಟ ಒಡೆಯುವುದಿಲ್ಲ, ಗುಮ್ಮಟದ ಅಡ್ಡಕ್ಕೆ ಚೂರಾಗುತ್ತದೆ. ಮಳೆ ಎಷ್ಟೋ ಕಾಲ ಕೊರೆದು ಬಿಡಿಸಿಟ್ಟ ಹೊರಮೈಯಲ್ಲಿ ಕಾಣುವ ಪದರ ಹೊಸದಾಗಿ ಒಡೆದ ಮೈಯಲ್ಲಿ ಕಾಣುವುದಿಲ್ಲ. ಒಂದು ಏಟಿಗೆ ಬಂಡೆಯೂ ಹಾಳು, ಕೈಗೆ ಬಂದದ್ದು ಬೂದು ಜಲ್ಲಿ. ನಿಮ್ಮ ಸ್ನೇಹಿತರು ತರಲೇಬೇಕೆಂದರೆ ಭೂವಿಜ್ಞಾನದ ಸುತ್ತಿಗೆಯೇ ಇರಲಿ, ಅವರು ರಕ್ಷಣಾ ಕನ್ನಡಕ ಹಾಕಿರಲಿ, ಮಗ ಹತ್ತು ಮೀಟರ್ ದೂರ ಇರಲಿ, ಬಿಡಿಯಾಗಿ ಬಿದ್ದ ಕಲ್ಲಿಗೆ ಮಾತ್ರ ಏಟು ಬೀಳಲಿ.

ಆಸಿಡ್ ಕೂಡ ಹಾಗೆಯೇ. ಹೈಡ್ರೋಕ್ಲೋರಿಕ್ ಆಮ್ಲದ ತಿಳಿ ದ್ರಾವಣ ಬಿಟ್ಟಾಗ ಸುಣ್ಣಗಲ್ಲು ಭರ್ರೆಂದು ನೊರೆ ಬರುತ್ತದೆ, ಡೋಲೊಮೈಟ್ ಇಡಿಯಾಗಿದ್ದಾಗ ಸುಮ್ಮನಿದ್ದು, ಗೀರಿ ಪುಡಿ ಮಾಡಿದ ಜಾಗದಲ್ಲಿ ಮೆಲ್ಲಗೆ ನೊರೆಯುತ್ತದೆ. ಪರೀಕ್ಷೆ ಉಪಯುಕ್ತ, ಆದರೆ ಅಂಗಡಿಯಲ್ಲಿ ಸಿಗುವ ಶೌಚಾಲಯದ ಆಸಿಡ್ ಬಾಟಲಿಯನ್ನು ಕಾರಿನಲ್ಲಿ ಮಗುವಿನ ಜೊತೆ ಒಯ್ಯುವಷ್ಟು ಅಗತ್ಯದ್ದಲ್ಲ. ಬಿಳಿ ವಿನೆಗರ್ ಒಯ್ಯಿರಿ. ಬಿಡಿ ಚೂರನ್ನು ಚಾಕುವಿನಿಂದ ಕೆರೆದು ಪುಡಿಯ ಮೇಲೆ ಎರಡು ಹನಿ ಬಿಟ್ಟು ಮಸೂರದಲ್ಲಿ ನೋಡಿದರೆ ಸುಣ್ಣಗಲ್ಲಿನ ಗುಳ್ಳೆ ಕಾಣುತ್ತದೆ. ಡೋಲೊಮೈಟಿಗೆ ವಿನೆಗರ್ ಸಾಲದು, ಅಲ್ಲಿ ಚಾಕುವಿನ ಗೀರೇ ಸಾಕು. ರಚನೆ ಇರುವ ಬಂಡೆಯ ಮೇಲೆ ಯಾವ ಹುಳಿಯನ್ನೂ ಬಿಡಬೇಡಿ, ನೀರೊಂದೇ.

ಕಾನೂನಿನ ಭಯ ಅನಗತ್ಯವಲ್ಲ. ಪಳೆಯುಳಿಕೆಗಳೂ ಸೇರಿದಂತೆ ಭೂಪರಂಪರೆಯ ತಾಣಗಳು ಮತ್ತು ವಸ್ತುಗಳ ರಕ್ಷಣೆಗೆ ಒಂದು ಕಾನೂನು ತರಲು 2022ರಲ್ಲಿ ಕೇಂದ್ರ ಸರ್ಕಾರ ಕರಡು ಮಸೂದೆ ಪ್ರಕಟಿಸಿತು. ನಿಮಗೆ ಸಂಬಂಧಪಡುವುದು ಅದಕ್ಕಿಂತ ಹೆಚ್ಚಾಗಿ ನೀವು ನಿಂತ ನೆಲ ಯಾರದು ಅನ್ನುವುದು. ಮೀಸಲು ಅರಣ್ಯದಿಂದ ಕಲ್ಲು ತೆಗೆಯುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮದಡಿ ಅಪರಾಧ, ಅಂಗೈ ಅಗಲದ್ದಾದರೂ ಸರಿ. ಜೋಗಿಮಟ್ಟಿಯಂಥ ವನ್ಯಜೀವಿಧಾಮದೊಳಗೆ ಕಾಲಿಡಲೇ ಅರಣ್ಯ ಇಲಾಖೆಯ ಅನುಮತಿ ಬೇಕು. ಚಂದ್ರವಳ್ಳಿ, ಬ್ರಹ್ಮಗಿರಿ, ಕೋಟೆ ಇಂಥ ಕಡೆ ಯಾವುದನ್ನೂ ಎತ್ತಿಕೊಳ್ಳಬೇಡಿ. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ, ಅಲ್ಲಿ ಮಡಕೆ ಚೂರಿಗೂ ಬೆಲೆಯಿದೆ. ಬೇರೆಲ್ಲಾದರೂ ನಾಣ್ಯವೋ ಕಲ್ಲಿನ ಆಯುಧವೋ ಕಂಡರೆ ಫೋಟೊ ತೆಗೆದು, ಇದ್ದಲ್ಲೇ ಬಿಟ್ಟು, ಪುರಾತತ್ವ ಇಲಾಖೆಗೆ ತಿಳಿಸಿ. ಜಲಾಶಯ, ಕಾಲುವೆಯ ಜಾಗ ನೀರಾವರಿ ಇಲಾಖೆಯದು. ಉಳಿಯುವುದು ಪಟ್ಟಾ ಜಮೀನು. ಅಲ್ಲಿ ರೈತರನ್ನು ಕೇಳಿ, ಬದುವಿನ ಮೇಲೆ ಎತ್ತಿ ಹಾಕಿದ ಬಿಡಿ ಕಲ್ಲನ್ನು ಅವರೇ ಕೊಟ್ಟರೆ ಒಂದನ್ನು ಇಟ್ಟುಕೊಳ್ಳುವುದರಲ್ಲಿ ತೊಂದರೆ ಕಾಣುವುದಿಲ್ಲ. ಮಾರಾಟದ ಮಾತು ಮಾತ್ರ ಬೇಡ. ಕಲ್ಲಿಗೆ ದುಡ್ಡು ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಮರುವಾರ ಅಲ್ಲಿಗೆ ಜೆಸಿಬಿ ಬರುತ್ತದೆ.

ಇನ್ನೊಂದು ಅಪಾಯ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ದುರ್ಗದ ಸೀಮೆಯಲ್ಲಿ ಗುದ್ದಲಿ, ಸುತ್ತಿಗೆ ಹಿಡಿದು ಗುಡ್ಡ ಹತ್ತುವ ಅಪರಿಚಿತರನ್ನು ಜನ ನಿಧಿಗಳ್ಳರು ಅಂದುಕೊಳ್ಳುತ್ತಾರೆ, ಅದಕ್ಕೆ ಕಾರಣವೂ ಇದೆ. ಊರೊಳಗೆ ಹೋಗಿ, ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಬಂದ ವಿಷಯ ಹೇಳಿ, ಸಾಧ್ಯವಾದರೆ ಊರಿನ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಳ್ಳಿ. ಕುಂಕುಮ, ಅರಿಶಿನ ಹಚ್ಚಿದ ಕಲ್ಲಿಗೆ ನೀರೂ ಚಿಮುಕಿಸಬೇಡಿ. ಕುರಿ ಕಾಯುವವರನ್ನು ಮಾತಾಡಿಸಿ. ಯಾವ ಗುಡ್ಡದಲ್ಲಿ ಕರಡಿ ಇದೆ, ಯಾವ ಬಂಡೆಗೆ ಹೆಜ್ಜೇನು ಕಟ್ಟಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಬೆಳಗಾಗುವ ಮುಂಚೆ, ಸಂಜೆ ಆರರ ಮೇಲೆ ಗುಡ್ಡದಲ್ಲಿ ಇರಬೇಡಿ. ಕಲ್ಲಿನ ಸಂದಿಗೆ ಕೈ ಹಾಕುವಂತಿಲ್ಲ, ಕಲ್ಲು ಮಗುಚುವುದಾದರೆ ದೂರದ ಅಂಚು ಹಿಡಿದು ನಿಮ್ಮ ಕಡೆಗೆ ಎತ್ತಿ, ಕೆಳಗಿನ ಚೇಳು, ಕೊಳಕುಮಂಡಲ ಆಚೆ ಕಡೆಗೆ ಹೋಗಲಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಎರಡೂ ಬೇಡ, ಕೈಕಾಲು ಅಲ್ಲಾಡದಂತೆ ಮಲಗಿಸಿ ಸೀದಾ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ನೀರು ನಿಂತ ಹಳೆಯ ಕ್ವಾರಿಗಳ ಹತ್ತಿರ ಮಗನನ್ನು ಸುತರಾಂ ಬಿಡಬೇಡಿ. ಅಂಚಿನ ಕಲ್ಲು ಸಡಿಲವಿರುತ್ತದೆ, ಆಳ ಮೇಲಿಂದ ತಿಳಿಯುವುದಿಲ್ಲ.

ಗುಮ್ಮಟದ ಬುಡ, ಸಂದಿಯ ತುಂಬುವಿಕೆ ಎರಡೂ ಸರಿಹೊಂದುವ ಬಂಡೆ ನಿಜಕ್ಕೂ ಸಿಕ್ಕರೆ ಫೋಟೊ, ಅಕ್ಷಾಂಶ-ರೇಖಾಂಶ, ಮಗ ಬರೆದ ಚಿತ್ರ ಇವಿಷ್ಟನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅನ್ವಯಿಕ ಭೂವಿಜ್ಞಾನ ವಿಭಾಗಕ್ಕೋ, ಬೆಂಗಳೂರಿನಲ್ಲಿರುವ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಕಚೇರಿಗೋ ಕಳಿಸಿ. ಜಾಗದ ವಿವರವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಾಕಬೇಡಿ. ಎರೆಹೊಲದ ಕಲ್ಲಿನ ಮುರಿದ ಬಾಯಲ್ಲಿ ಕೋಣೆಗಳ ಜಾಲ ಕಂಡರೆ ತೊಳೆಯಬೇಡಿ, ಫೆವಿಕಾಲ್ ಹಚ್ಚಬೇಡಿ, ಮಣ್ಣಿನ ಸಮೇತ ಹಳೆಯ ಪತ್ರಿಕೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಹೊಲದ ಯಾವ ಮೂಲೆ, ಎಷ್ಟು ಅಡಿ ಆಳ, ಉಳುವಾಗ ಸಿಕ್ಕಿತೋ ಬಾವಿ ತೋಡುವಾಗಲೋ ಎಂಬುದನ್ನು ಮಾವನವರನ್ನು ಕೇಳಿ ಚೀಟಿ ಬರೆದು ಅದೇ ಡಬ್ಬಿಗೆ ಹಾಕಿ. ಆ ಚೀಟಿ ಇಲ್ಲದ ಮೂಳೆಯಿಂದ ಯಾರೂ ಹೆಚ್ಚೇನೂ ಹೇಳಲಾರರು.